ಹಳೆಯ ಐಪಾಡ್ ಹೊಸ ಲ್ಯಾಪ್‌ಟಾಪಿನಲ್ಲಿ ಕಾಣಿಸುತ್ತಿಲ್ಲ: ಒಳಗಿರುವ ಧ್ವನಿಮುದ್ರಣಗಳನ್ನು ಹೊರತೆಗೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಐದನೆಯ ತಲೆಮಾರಿನ, ಅಂದರೆ 2005ರಲ್ಲಿ ಬಿಡುಗಡೆಯಾದ ಬಗೆಯ, 30 ಜಿಬಿ ಐಪಾಡ್ ಒಂದಿದೆ. ಬಹಳ ಕಾಲ ಕಪಾಟಿನಲ್ಲೇ ಇದ್ದ ಅದನ್ನು ಈಚೆಗೆ ಹೊರತೆಗೆದು ಚಾರ್ಜ್ ಮಾಡಿದಾಗ ಪರದೆ ಬೆಳಗಿತು. ಹಾಡುಗಳ ಪಟ್ಟಿ ಮೊದಲಿದ್ದಂತೆಯೇ ಇದೆ, ಇಯರ್‌ಫೋನ್ ಹಾಕಿದರೆ ಧ್ವನಿಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಲ್ಯಾಪ್‌ಟಾಪಿಗೆ ಜೋಡಿಸಿದರೆ ಏನೂ ಆಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ, ಪೋರ್ಟುಗಳೆಲ್ಲ ಯುಎಸ್‌ಬಿ-ಸಿ. ಐಪಾಡಿನ ಜೊತೆ ಬಂದಿದ್ದ ಕೇಬಲ್ಲಿನ ತುದಿ ಮುರಿದಿದ್ದರಿಂದ ಹೊಸದಾಗಿ 30 ಪಿನ್ನಿನ ಕೇಬಲ್ ಒಂದನ್ನು ತರಿಸಿಕೊಂಡು, ಅದಕ್ಕೆ ಸಣ್ಣ ಅಡಾಪ್ಟರ್ ಸಿಕ್ಕಿಸಿ ಜೋಡಿಸುತ್ತಿದ್ದೇನೆ. ಐಪಾಡಿನ ಪರದೆಯ ಮೇಲೆ ಚಾರ್ಜ್ ಆಗುತ್ತಿರುವ ಚಿಹ್ನೆ ಬರುತ್ತದೆ, ಆದರೆ ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಕಾಣಿಸುವುದಿಲ್ಲ, ಸಾಧನ ಸಿಕ್ಕಿಸಿದಾಗ ಕೇಳಿಸುವ ಸದ್ದೂ ಬರುವುದಿಲ್ಲ.

ಅದರೊಳಗಿನ ಹಾಡುಗಳಲ್ಲಿ ಹೆಚ್ಚಿನವು ಸಿಡಿಗಳಿಂದ ತೆಗೆದವು. ಆ ಸಿಡಿಗಳು ಈಗ ನನ್ನಲ್ಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಐಪಾಡಿನ ಅಡಿಗೆ ಸಿಕ್ಕಿಸುವಂಥ ಸಣ್ಣ ಮೈಕ್ ಒಂದರಿಂದ ನಮ್ಮ ಸಂಗೀತದ ಮೇಷ್ಟರು ಹೇಳಿಕೊಟ್ಟ ಪಾಠಗಳನ್ನು ಆಗ ಮುದ್ರಿಸಿಕೊಂಡಿದ್ದೆ. ಅವರು ಈಗಿಲ್ಲ. ಆ ಮುದ್ರಣಗಳ ಪ್ರತಿ ಬೇರೆಲ್ಲಿಯೂ ಇಲ್ಲ. ಆದ್ದರಿಂದ ಒಳಗಿರುವುದು ಅಳಿಸಿಹೋಗುವ ಸಾಧ್ಯತೆಯಿರುವ ಯಾವ ಹೆಜ್ಜೆಯನ್ನೂ ಇಡುವ ಧೈರ್ಯ ನನಗಿಲ್ಲ. ಐಪಾಡಿಗೆ ಹಾಡು ತುಂಬುವ ಆಪಲ್‌ನ ತಂತ್ರಾಂಶವಾದ ಐಟ್ಯೂನ್ಸ್ ಹಾಕಿಕೊಳ್ಳಲೇಬೇಕೇ, ಹಾಕಿಕೊಂಡರೆ ಅದು ಇರುವುದನ್ನು ಅಳಿಸಿಬಿಡುತ್ತದೆಯೇ, ಮೊದಲು ಯಾವ ಕೆಲಸ ಮಾಡಬೇಕು, ಬಲ್ಲವರು ದಯವಿಟ್ಟು ತಿಳಿಸಿ. ಇವೆಲ್ಲ ಸುರಕ್ಷಿತವಾಗಿ ಹೊರಬಂದ ಮೇಲೆ ಈ ಸಾಧನವನ್ನು ದಿನವೂ ಹಾಡು ಕೇಳುವುದಕ್ಕೆ ಮತ್ತೆ ಬಳಸಬೇಕೆಂಬ ಆಸೆಯೂ ಇದೆ.

ಉತ್ತರ 1

ನಮಸ್ಕಾರ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ತೊಂದರೆ ಐಪಾಡಿನಲ್ಲಿಯೂ ಇಲ್ಲ, ವಿಂಡೋಸಿನಲ್ಲಿಯೂ ಇಲ್ಲ, ನಡುವಿನ ತಂತಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳುವ ಮೊದಲು ಅದನ್ನೇ ಪರೀಕ್ಷಿಸಿ.

ಹಳೆಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಚಾರ್ಜ್ ಮಾಡುವುದಕ್ಕೆಂದೇ ತಯಾರಾದ ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ಎರಡು ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಹೊರನೋಟಕ್ಕೆ ಎರಡಕ್ಕೂ ವ್ಯತ್ಯಾಸವೇ ತಿಳಿಯದು. ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಸುದ್ದಿಯೇ ಮುಟ್ಟುವುದಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲೆಯೇ ಬರಬೇಕು. ಅಡಾಪ್ಟರಿನ ವಿಷಯವೂ ಹಾಗೆಯೇ. ಅದಕ್ಕೆ ಒಂದು ಪೆನ್ ಡ್ರೈವ್ ಸಿಕ್ಕಿಸಿ ನೋಡಿ. ಪೆನ್ ಡ್ರೈವ್ ಕಾಣಿಸಿದರೆ ಅಡಾಪ್ಟರ್ ಸರಿಯಿದೆ, ಕೇಬಲ್ಲನ್ನು ಬದಲಾಯಿಸಬೇಕು ಎಂದರ್ಥ. ಮಾಹಿತಿ ವರ್ಗಾವಣೆಗೂ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಕೇಬಲ್ಲನ್ನೇ ಕೊಳ್ಳಿ. ಯುಎಸ್‌ಬಿಯ ಬದಲು ಆ ಕಾಲದಲ್ಲಿ ಬಳಸುತ್ತಿದ್ದ ಫೈರ್‌ವೈರ್ ಎಂಬ ಬಗೆಯ ಕೇಬಲ್ ಯಾರಾದರೂ ಕೊಟ್ಟರೆ ನಂಬಬೇಡಿ. ಅದರ ತುದಿ ನಿಮ್ಮ ಐಪಾಡಿಗೆ ಸರಿಯಾಗಿಯೇ ಕೂರುತ್ತದೆ, ಆದರೆ ಐದನೆಯ ತಲೆಮಾರಿನ ಐಪಾಡ್ ಫೈರ್‌ವೈರಿನಿಂದ ಚಾರ್ಜ್ ಆಗುತ್ತದೆಯೇ ಹೊರತು ಮಾಹಿತಿಯನ್ನು ಸಾಗಿಸುವುದಿಲ್ಲ.

ಎರಡನೆಯದು ವಿದ್ಯುತ್ತು. ಇದರೊಳಗೆ 1.8 ಇಂಚಿನ, ನಿಜವಾಗಿ ತಿರುಗುವ ಹಾರ್ಡ್ ಡಿಸ್ಕ್ ಇದೆ. ಅದು ತಿರುಗಲು ಆರಂಭಿಸುವ ಗಳಿಗೆಯಲ್ಲಿ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಬ್ಯಾಟರಿ ಹಳತಾಗಿದ್ದರೆ ಆ ಹೊರೆಯಷ್ಟೂ ಪೋರ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಗೋಡೆಯ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿದ ಮೇಲೆಯೇ ಲ್ಯಾಪ್‌ಟಾಪಿಗೆ ಜೋಡಿಸಿ. ಇನ್ನೂ ಕಾಣಿಸದಿದ್ದರೆ ತನ್ನದೇ ವಿದ್ಯುತ್ ಸರಬರಾಜಿರುವ ಯುಎಸ್‌ಬಿ 2.0 ಹಬ್ ಒಂದನ್ನು ನಡುವೆ ಇಟ್ಟು ನೋಡಿ. ಇಂದಿನ ಯುಎಸ್‌ಬಿ 3 ಪೋರ್ಟುಗಳು ಹಳೆಯ ಸಾಧನಗಳೊಂದಿಗೆ ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲ. ಹಳೆಯ ಹಬ್ ನಡುವೆ ಬಂದರೆ ಸರಿಹೋಗುವುದನ್ನು ನಾನು ಹಲವು ಸಾಧನಗಳಲ್ಲಿ ಕಂಡಿದ್ದೇನೆ.

ಕೇಬಲ್ ಸರಿಯಿದ್ದೂ ಕಾಣಿಸದಿದ್ದರೆ ಐಪಾಡನ್ನು ಡಿಸ್ಕ್ ಮೋಡಿಗೆ ತನ್ನಿ. ಮೇಲಿನ ಹೋಲ್ಡ್ ಗುಂಡಿಯನ್ನು ಒಮ್ಮೆ ಆಚೆ ಸರಿಸಿ ಮತ್ತೆ ಹಿಂದಕ್ಕೆ ತನ್ನಿ. ಆಮೇಲೆ ಮೆನು ಗುಂಡಿಯನ್ನೂ ನಡುವಿನ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸುಮಾರು 8 ಸೆಕೆಂಡಿನಲ್ಲಿ ಪರದೆ ಕಪ್ಪಾಗಿ ಸೇಬಿನ ಚಿಹ್ನೆ ಮೂಡುತ್ತದೆ. ಚಿಹ್ನೆ ಕಂಡೊಡನೆ ಕೈಬಿಟ್ಟು, ತಕ್ಷಣವೇ ನಡುವಿನ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒತ್ತಿ ಹಿಡಿದರೆ ಪರದೆಯ ಮೇಲೆ ‘ಡಿಸ್ಕ್ ಮೋಡ್’ ಎಂದು ಬರುತ್ತದೆ. ಇದರಿಂದ ಏನೂ ಅಳಿಸುವುದಿಲ್ಲ, ಗಾಬರಿ ಬೇಡ. ಆ ಸ್ಥಿತಿಯಲ್ಲಿ ಐಪಾಡ್ ತಾನೊಂದು ಸಂಗೀತದ ಸಾಧನ ಎಂಬುದನ್ನು ಬದಿಗಿಟ್ಟು ಕೇವಲ ಒಂದು ಹಾರ್ಡ್ ಡಿಸ್ಕಿನಂತೆ ಕಂಪ್ಯೂಟರಿನ ಮುಂದೆ ನಿಲ್ಲುತ್ತದೆ. ಇದಕ್ಕೆ ಐಟ್ಯೂನ್ಸ್ ಬೇಕಾಗಿಲ್ಲ, ಬೇರೆ ಡ್ರೈವರ್ ಕೂಡ ಬೇಕಾಗಿಲ್ಲ.

ಉತ್ತರ 2

ಮೇಲಿನವರು ಹೇಳಿರುವುದೆಲ್ಲ ಸರಿ. ಐಪಾಡ್ ಕಾಣಿಸಿಕೊಂಡ ಮರುಗಳಿಗೆಯಲ್ಲಿ ಏನು ಮಾಡಬಾರದು ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಇಂಥ ಸಂಗ್ರಹಗಳು ಕಾಣಿಸದಿರುವಾಗ ಹಾಳಾಗುವುದಕ್ಕಿಂತ ಕಾಣಿಸಿದ ಮೇಲೆ ಹಾಳಾಗುವುದೇ ಹೆಚ್ಚು.

ಡಿಸ್ಕ್ ಕಂಡೊಡನೆ ವಿಂಡೋಸ್ ‘ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಒಪ್ಪಬೇಡಿ, ರದ್ದುಮಾಡಿ. ಐಪಾಡನ್ನು ಹಿಂದೆ ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದರೆ ಅದರ ಡಿಸ್ಕ್ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆಯಲ್ಲಿರುತ್ತದೆ. ವಿಂಡೋಸಿಗೆ ಅದನ್ನು ಓದಲು ಬಾರದು. ತನಗೆ ಓದಲಾಗದ್ದನ್ನು ಅದು ಖಾಲಿ ಎಂದುಕೊಳ್ಳುತ್ತದೆ. ವಿಂಡೋಸಿನಲ್ಲಿಯೇ ಸಿದ್ಧಪಡಿಸಿದ್ದರೆ ಫ್ಯಾಟ್32 ಇರುತ್ತದೆ, ಆಗ ಈ ಪ್ರಶ್ನೆಯೇ ಬರುವುದಿಲ್ಲ. ಐಪಾಡಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದರೆ, ವಿಂಡೋಸಿನ ಬಗೆಯದಾಗಿದ್ದಲ್ಲಿ ಹಾಗೆಂದೇ ಬರೆದಿರುತ್ತದೆ. ಮ್ಯಾಕ್ ಬಗೆಯದಾಗಿದ್ದರೂ ಚಿಂತೆಯಿಲ್ಲ. ಲಿನಕ್ಸನ್ನು ಪೆನ್ ಡ್ರೈವಿನಿಂದ ನೇರವಾಗಿ ಚಾಲೂ ಮಾಡಿದರೆ ಅದು ಎಚ್‌ಎಫ್‌ಎಸ್ ಪ್ಲಸ್ ಓದುತ್ತದೆ. ವಿಂಡೋಸಿನಲ್ಲಿಯೇ ಇರಬೇಕೆಂದರೆ ಎಚ್‌ಎಫ್‌ಎಸ್ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶವಿದೆ. ಅದು ಓದುತ್ತದೆ, ಬರೆಯುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ಅನುಕೂಲವೇ ಸರಿ. ‘ದೋಷಗಳನ್ನು ಹುಡುಕಿ ಸರಿಪಡಿಸಲೇ’ ಎಂಬ ಇನ್ನೊಂದು ಪ್ರಶ್ನೆ ಬಂದರೂ ಈಗಲೇ ಒಪ್ಪಬೇಡಿ. ದುರಸ್ತಿಯೆಂದರೆ ಡಿಸ್ಕಿನ ಮೇಲೆ ಬರೆಯುವುದು. ನಕಲು ಪೂರ್ತಿ ಕೈಗೆ ಬರುವವರೆಗೆ ಆ ಡಿಸ್ಕಿನ ಮೇಲೆ ಯಾವುದನ್ನೂ ಬರೆಯಬಾರದು.

ಐಟ್ಯೂನ್ಸ್ ಈಗ ಬೇಡ. ಒಂದು ಐಪಾಡನ್ನು ಒಂದು ಸಂಗ್ರಹದೊಂದಿಗೆ ಮಾತ್ರ ತಾಳೆ ಹಾಕುವುದು (ಸಿಂಕ್ ಮಾಡುವುದು) ಅದರ ಪದ್ಧತಿ. ಹೊಸ ಕಂಪ್ಯೂಟರಿನ ಐಟ್ಯೂನ್ಸ್ ಸಂಗ್ರಹ ಖಾಲಿಯಾಗಿರುತ್ತದೆ, ಐಪಾಡ್ ತುಂಬಿರುತ್ತದೆ. ‘ಅಳಿಸಿ ತಾಳೆ ಹಾಕಲೇ’ ಎಂದು ಅದು ಕೇಳಿದಾಗ ಗಮನಿಸದೆ ಒಪ್ಪಿದರೆ ಐಪಾಡಿನ ಹಾಡುಗಳು ಹೋದಂತೆಯೇ. ಮೊದಲೇ ಐಟ್ಯೂನ್ಸ್ ಹಾಕಿಕೊಂಡಿದ್ದೀರಾದರೆ, ಕೇಬಲ್ ಸಿಕ್ಕಿಸುವಾಗ ಕೀಲಿಮಣೆಯ ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ತಾನಾಗಿ ತಾಳೆ ಹಾಕುವ ಕೆಲಸವನ್ನು ಅದು ತಡೆಯುತ್ತದೆ.

ಇನ್ನು ನಿಮ್ಮ ಮೇಷ್ಟರ ಪಾಠಗಳ ವಿಷಯ. ನಿಮಗೆ ಅತ್ಯಂತ ಬೆಲೆಯುಳ್ಳದ್ದೇ ಹೊರತೆಗೆಯಲು ಅತ್ಯಂತ ಸುಲಭವಾದದ್ದು. ಮೈಕಿನಿಂದ ಮುದ್ರಿಸಿದ್ದನ್ನು ಐಪಾಡ್ ತನ್ನ ಹಾಡುಗಳ ಜೊತೆ ಬೆರೆಸುವುದಿಲ್ಲ. ಡಿಸ್ಕಿನ ಮೊದಲ ಹಂತದಲ್ಲಿಯೇ ‘ರೆಕಾರ್ಡಿಂಗ್ಸ್’ ಎಂಬ ಫೋಲ್ಡರ್ ಇರುತ್ತದೆ, ಅದರೊಳಗೆ ಮುದ್ರಿಸಿದ ದಿನಾಂಕ ಮತ್ತು ಸಮಯವನ್ನೇ ಹೆಸರಾಗಿ ಉಳ್ಳ ವೇವ್ ಕಡತಗಳಿರುತ್ತವೆ. ಯಾವ ಬೀಗವೂ ಇಲ್ಲದ, ಸಂಕುಚಿತಗೊಳಿಸದ ಧ್ವನಿ ಅದು; ಯಾವ ಕಂಪ್ಯೂಟರ್ ಆದರೂ ನುಡಿಸುತ್ತದೆ. ಉತ್ತಮ ಗುಣಮಟ್ಟದಲ್ಲಿ ಮುದ್ರಿಸಿದ್ದರೆ 44.1 ಕಿಲೋಹರ್ಟ್ಸ್, ಸ್ಟೀರಿಯೋ, 16 ಬಿಟ್ ಇರುತ್ತದೆ, ಅಂದರೆ ಒಂದು ಗಂಟೆಯ ಪಾಠಕ್ಕೆ ಸುಮಾರು 635 ಎಂಬಿ. ಕಡಿಮೆ ಗುಣಮಟ್ಟದಲ್ಲಿ ಅದರ ಕಾಲುಭಾಗ. ಎಲ್ಲಕ್ಕಿಂತ ಮೊದಲು ಇದೊಂದು ಫೋಲ್ಡರನ್ನು ನಕಲಿಸಿ, ಎರಡು ಬೇರೆ ಬೇರೆ ಕಡೆ ಇಡಿ, ನಾಲ್ಕಾರು ಕಡತಗಳನ್ನು ಕೊನೆಯವರೆಗೂ ಕೇಳಿ ನೋಡಿ. ಆಮೇಲೆ ಉಳಿದದ್ದು.

ಹಾಡುಗಳಿರುವುದು ‘ಐಪಾಡ್ ಕಂಟ್ರೋಲ್’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಹಾಕಿದರೆ ಅದು ಕಾಣಿಸುತ್ತದೆ. ಅದರೊಳಗಿನ ‘ಮ್ಯೂಸಿಕ್’ ಫೋಲ್ಡರಿಗೆ ಹೋದರೆ ಎಫ್00, ಎಫ್01 ಎಂದು ಸಾಲಾಗಿ ಫೋಲ್ಡರುಗಳು, ಅವುಗಳಲ್ಲಿ ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳ ಕಡತಗಳು. ಇದನ್ನು ಕಂಡು ಎಲ್ಲವೂ ಕೆಟ್ಟುಹೋಗಿದೆ ಎಂದುಕೊಳ್ಳುವವರು ಬಹಳ. ಕೆಟ್ಟಿಲ್ಲ. ಐಪಾಡ್ ಹಾಡನ್ನು ಕಡತದ ಹೆಸರಿನಿಂದ ಗುರುತಿಸುವುದಿಲ್ಲ, ಪಕ್ಕದ ‘ಐಟ್ಯೂನ್ಸ್’ ಫೋಲ್ಡರಿನಲ್ಲಿರುವ ತನ್ನದೊಂದು ದಾಖಲೆ ಕಡತದಿಂದ ಗುರುತಿಸುತ್ತದೆ. ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಇವೆಲ್ಲ ಪ್ರತಿ ಕಡತದೊಳಗಿನ ಟ್ಯಾಗಿನಲ್ಲಿಯೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಇಡೀ ‘ಐಪಾಡ್ ಕಂಟ್ರೋಲ್’ ಫೋಲ್ಡರನ್ನು ಹಾಗೆಯೇ ನಕಲಿಸಿಕೊಂಡು, ಆ ನಕಲಿನ ಮೇಲೆ ಎಂಪಿ3ಟ್ಯಾಗ್ ಅಥವಾ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಓಡಿಸಿದರೆ ಟ್ಯಾಗನ್ನು ಓದಿ ಸರಿಯಾದ ಹೆಸರುಗಳನ್ನು ತಾವೇ ಇಡುತ್ತವೆ. ‘ಮ್ಯೂಸಿಕ್’ ಒಂದನ್ನೇ ನಕಲಿಸಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೀವು ಕಟ್ಟಿದ್ದ ಹಾಡುಪಟ್ಟಿಗಳು, ಕೊಟ್ಟಿದ್ದ ನಕ್ಷತ್ರಗಳು, ಯಾವ ಹಾಡನ್ನು ಎಷ್ಟು ಸಲ ಕೇಳಿದ್ದಿರಿ ಎಂಬ ಲೆಕ್ಕ, ಎಲ್ಲವೂ ಆ ದಾಖಲೆ ಕಡತಗಳಲ್ಲಿಯೇ ಇರುವುದು.

2009ಕ್ಕೆ ಮುಂಚೆ ಐಟ್ಯೂನ್ಸ್ ಸ್ಟೋರಿನಲ್ಲಿ ಕೊಂಡ ಹಾಡುಗಳಿದ್ದರೆ ಅವುಗಳಲ್ಲಿ ಹಲವಕ್ಕೆ ಬೀಗವಿರುತ್ತದೆ. ಕಡತದ ಕೊನೆಯಲ್ಲಿ ಎಂ4ಪಿ ಎಂದಿರುವುದರಿಂದ ಗೊತ್ತಾಗುತ್ತದೆ. ಅವನ್ನು ನುಡಿಸಲು ಕೊಂಡ ಖಾತೆಯಿಂದಲೇ ಕಂಪ್ಯೂಟರಿಗೆ ಅನುಮತಿ ಕೊಡಬೇಕು. ಸಿಡಿಯಿಂದ ತೆಗೆದವಕ್ಕೆ ಈ ತೊಡಕಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಅಡಾಪ್ಟರಿನಲ್ಲಿ ಪೆನ್ ಡ್ರೈವ್ ಕೂಡಲೇ ಕಾಣಿಸಿತು, ಆದ್ದರಿಂದ ಕೇಬಲ್ಲನ್ನು ಬದಲಾಯಿಸಿದೆ. ಬೇರೆ ಕೇಬಲ್ ಸಿಕ್ಕಿಸಿದೊಡನೆ ಲ್ಯಾಪ್‌ಟಾಪಿನಿಂದ ಸದ್ದು ಬಂತು, ಫೈಲ್ ಎಕ್ಸ್‌ಪ್ಲೋರರಿನಲ್ಲಿ ಐಪಾಡಿನ ಹೆಸರು ಮೂಡಿತು. ಅಬೌಟ್‌ನಲ್ಲಿ ವಿಂಡೋಸ್ ಎಂದೇ ಇದೆ.

‘ರೆಕಾರ್ಡಿಂಗ್ಸ್’ ಫೋಲ್ಡರ್ ನೀವು ಹೇಳಿದ ಜಾಗದಲ್ಲಿಯೇ ಇತ್ತು. ಅದರ ಬಹುಪಾಲು ನಕಲಾಗಿದೆ. ಮೇಷ್ಟರು ಸರಳೆ ಹೇಳಿಕೊಡುವ ಒಂದು ಪಾಠವನ್ನು ಕೊನೆಯವರೆಗೂ ಕೇಳಿದೆ, ಶ್ರುತಿಪೆಟ್ಟಿಗೆಯ ನಾದವೂ ಸ್ವಚ್ಛವಾಗಿ ಕೇಳಿಸುತ್ತದೆ. ಆದರೆ ಕೆಲವು ಕಡತಗಳಲ್ಲಿ ನಕಲು ಮಧ್ಯದಲ್ಲಿಯೇ ನಿಂತುಬಿಡುತ್ತದೆ, ಬಹಳ ಹೊತ್ತು ಕಾದ ಮೇಲೆ ಓದಲಾಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಆಗ ಐಪಾಡನ್ನು ಕಿವಿಯ ಬಳಿ ಹಿಡಿದರೆ ಕಟ್, ಕಟ್ ಎಂಬ ಸಣ್ಣ ಸದ್ದು, ನಡುವೆ ಸ್ವಲ್ಪ ಮೌನ, ಮತ್ತೆ ಅದೇ ಸದ್ದು. ಇದು ಡಿಸ್ಕ್ ಹೋಗುತ್ತಿರುವ ಸೂಚನೆಯೇ? ಉಳಿದ ಪಾಠಗಳನ್ನು ಪಡೆಯಲು ಈಗ ಏನು ಮಾಡಲಿ?

ಉತ್ತರ 3

ಮೊದಲು ಐಪಾಡನ್ನು ಇಜೆಕ್ಟ್ ಮಾಡಿ ತೆಗೆದಿಡಿ. ಮುಂದಿನ ಹೆಜ್ಜೆ ನಿರ್ಧಾರವಾಗುವವರೆಗೆ ಅದರಲ್ಲಿ ಹಾಡು ಕೇಳುವುದು, ಮತ್ತೆ ಮತ್ತೆ ನಕಲಿಸಲು ನೋಡುವುದು ಎರಡನ್ನೂ ನಿಲ್ಲಿಸಿ.

ಆರೋಗ್ಯವಾಗಿರುವ ಆ ಸಣ್ಣ ಡಿಸ್ಕು ಕಿವಿಗೆ ಹಿಡಿದರೆ ಮೆಲ್ಲನೆ ಏರಿ ಒಂದೇ ಮಟ್ಟದಲ್ಲಿ ನಿಲ್ಲುವ ಗುಂಯ್‌ಗುಡುವಿಕೆಯನ್ನಷ್ಟೇ ಕೇಳಿಸುತ್ತದೆ. ನೀವು ವಿವರಿಸಿದ ಸದ್ದು, ಓದುವ ಮುಳ್ಳು ಒಂದು ಜಾಗವನ್ನು ಓದಲಾಗದೆ ಹಿಂದಕ್ಕೆ ಬಂದು ಮತ್ತೆ ಪ್ರಯತ್ನಿಸುವಾಗ ಬರುವಂಥದ್ದು. ಹಾಳಾದ ಜಾಗದ ಮೇಲೆ ಹೀಗೆ ಎಡೆಬಿಡದೆ ಓದಿಸಿದರೆ ಇನ್ನೂ ಚೆನ್ನಾಗಿರುವ ಭಾಗಕ್ಕೂ ಅಪಾಯ ಬರುತ್ತದೆ. ಆದ್ದರಿಂದ ಓದಲು ಬರುವುದನ್ನೆಲ್ಲ ಮೊದಲು ಒಮ್ಮೆಗೇ ತೆಗೆದುಕೊಂಡು, ಕಷ್ಟದ ಜಾಗಗಳನ್ನು ಕೊನೆಗೆ ಮುಟ್ಟುವುದೇ ಇಲ್ಲಿನ ಕ್ರಮ.

ಡಿಸ್ಕಿನ ಸ್ಥಿತಿಯನ್ನು ಐಪಾಡೇ ಹೇಳುತ್ತದೆ. ಡಿಸ್ಕ್ ಮೋಡಿಗೆ ಹೋದಂತೆಯೇ ಮರುಪ್ರಾರಂಭ ಮಾಡಿ, ಸೇಬಿನ ಚಿಹ್ನೆ ಕಂಡಾಗ ಪ್ಲೇ ಬದಲು ನಡುವಿನ ಗುಂಡಿಯನ್ನೂ ಹಿಂದಿನ ಹಾಡಿಗೆ ಹೋಗುವ ಗುಂಡಿಯನ್ನೂ ಒತ್ತಿ ಹಿಡಿದರೆ ತಪಾಸಣೆಯ ಪರದೆ ಬರುತ್ತದೆ. ಅದರಲ್ಲಿ ಹಾರ್ಡ್ ಡ್ರೈವ್ ವಿಭಾಗಕ್ಕೆ ಹೋಗಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ಮಾಹಿತಿಯನ್ನು ತೆರೆದರೆ ‘ರೀಅಲೊಕ್ಸ್’ ಮತ್ತು ‘ಪೆಂಡಿಂಗ್ ಸೆಕ್ಟರ್ಸ್’ ಎಂಬ ಎರಡು ಸಾಲುಗಳು ಸಿಗುತ್ತವೆ. ಮೊದಲನೆಯದು ಹಾಳಾಗಿ ಬದಲಿ ಜಾಗ ಪಡೆದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ತುಣುಕುಗಳ) ಲೆಕ್ಕ, ಎರಡನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳ ಲೆಕ್ಕ. ಎರಡೂ ಸೊನ್ನೆಯಾಗಿದ್ದರೆ ಕೇಬಲ್ಲನ್ನೋ ವಿದ್ಯುತ್ತನ್ನೋ ಮತ್ತೆ ಅನುಮಾನಿಸಬೇಕು. ಎರಡನೆಯ ಸಾಲಿನಲ್ಲಿ ದೊಡ್ಡ ಸಂಖ್ಯೆಯಿದ್ದರೆ ಡಿಸ್ಕಿನ ಬಾಳು ಮುಗಿಯುತ್ತಿದೆ. ಆ ಪರದೆಯ ಬೇರೆ ಪರೀಕ್ಷೆಗಳನ್ನು ಸುಮ್ಮನೆ ಓಡಿಸಬೇಡಿ. ನೋಡಬೇಕಾದ್ದನ್ನು ನೋಡಿ ಹೊರಬನ್ನಿ.

ನಕಲಿನ ವಿಧಾನಕ್ಕೆ ಬರೋಣ. ವಿಂಡೋಸಿನಲ್ಲಿ ರೋಬೋಕಾಪಿ ಎಂಬ ಆಜ್ಞೆ ಇದೆ, ಇಂಥ ಕೆಲಸಕ್ಕೆ ಹಲವರು ಅದನ್ನು ಸೂಚಿಸುತ್ತಾರೆ. ಬಳಸುವುದಾದರೆ ಒಂದು ಎಚ್ಚರಿಕೆ ಬೇಕು. ಓದಲಾಗದ ಕಡತವನ್ನು ಅದು ಸಹಜವಾಗಿ 10 ಲಕ್ಷ ಸಲ ಮರುಪ್ರಯತ್ನಿಸುತ್ತದೆ, ಪ್ರತಿ ಪ್ರಯತ್ನದ ನಡುವೆ 30 ಸೆಕೆಂಡು ಕಾಯುತ್ತದೆ. ನಿಮ್ಮ ಡಿಸ್ಕಿಗೆ ಅದು ಮಾರಕ. ಮರುಪ್ರಯತ್ನದ ಸಂಖ್ಯೆಯನ್ನು ಸೊನ್ನೆಗೆ ಇಳಿಸಿಯೇ ಓಡಿಸಬೇಕು.

ಆದರೆ ಬೇರೆಲ್ಲಿಯೂ ಪ್ರತಿಯಿಲ್ಲದ ಧ್ವನಿ ಇದರೊಳಗಿರುವಾಗ ನಾನು ಸೂಚಿಸುವುದು ಕಡತಗಳ ನಕಲನ್ನಲ್ಲ, ಇಡೀ ಡಿಸ್ಕಿನ ಪ್ರತಿಬಿಂಬವನ್ನು, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದಂತೆಯೇ ಒಂದೇ ಕಡತಕ್ಕೆ ಇಳಿಸಿಕೊಳ್ಳುವುದನ್ನು. ಅದಕ್ಕೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಲಿನಕ್ಸನ್ನು ಪೆನ್ ಡ್ರೈವಿನಿಂದ ಚಾಲೂ ಮಾಡಿ, ಕನಿಷ್ಠ 40 ಜಿಬಿ ಖಾಲಿ ಜಾಗವಿರುವ ಇನ್ನೊಂದು ಡಿಸ್ಕನ್ನು ಜೋಡಿಸಿ, ಐಪಾಡನ್ನು ಡಿಸ್ಕ್ ಮೋಡಿನಲ್ಲಿಟ್ಟು ಇದನ್ನು ಓಡಿಸಬೇಕು. ಮೊದಲ ಸುತ್ತಿನಲ್ಲಿ ಅದು ಸಲೀಸಾಗಿ ಓದಲು ಬರುವ ಭಾಗವನ್ನಷ್ಟೇ ತೆಗೆದುಕೊಂಡು, ತಡೆ ಬಂದ ಜಾಗವನ್ನು ಗುರುತು ಹಾಕಿಕೊಂಡು ಮುಂದೆ ಜಿಗಿಯುತ್ತದೆ. ಎಲ್ಲಿಯವರೆಗೆ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ಮ್ಯಾಪ್ ಕಡತವೊಂದರಲ್ಲಿ ಬರೆದಿಡುತ್ತದೆ. ಆ ಮ್ಯಾಪ್ ಕಡತದ ಹೆಸರನ್ನು ಆಜ್ಞೆಯಲ್ಲಿ ತಪ್ಪದೆ ಕೊಡಿ. ಅದಿದ್ದರೆ ನಡುವೆ ನಿಲ್ಲಿಸಿ ಡಿಸ್ಕನ್ನು ತಣಿಯಲು ಬಿಟ್ಟು ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಸೆಕೆಂಡಿಗೆ 10 ಎಂಬಿಯಂತೆ ಸಾಗಿದರೂ ಚೆನ್ನಾಗಿರುವ ಭಾಗವೆಲ್ಲ ಸುಮಾರು 50 ನಿಮಿಷದಲ್ಲಿ ಬಂದುಬಿಡುತ್ತದೆ. ಕಷ್ಟದ ಜಾಗಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಲಾಗದು.

ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಆಜ್ಞೆ ಕೊಡುವ ಮೊದಲು ಮತ್ತೊಮ್ಮೆ ನೋಡಿಕೊಳ್ಳಿ. ಅವು ಅದಲುಬದಲಾದರೆ ಐಪಾಡಿನ ಮೇಲೆಯೇ ಬರೆದುಬಿಡುತ್ತದೆ. ಡಿಸ್ಕಿನ ಗಾತ್ರವನ್ನು ನೋಡಿ ಗುರುತಿಸಿ, ಹೆಸರನ್ನು ಮಾತ್ರ ನಂಬಬೇಡಿ.

ಪ್ರತಿಬಿಂಬ ಸಿದ್ಧವಾದ ಮೇಲೆ ಅದನ್ನು ಓದಲು ಮಾತ್ರ ಬರುವಂತೆ ತೆರೆದು ಪಾಠಗಳನ್ನು ಹೊರತೆಗೆಯಿರಿ. ಕೆಲವು ಸೆಕ್ಟರುಗಳು ಕೊನೆಗೂ ಬಾರದಿದ್ದರೂ ವೇವ್ ಕಡತ ಪೂರ್ತಿ ಕೆಡುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಒಂದು ಸೆಕ್ಟರ್ ಎಂದರೆ 512 ಬೈಟ್. ನಿಮ್ಮ ಮುದ್ರಣದಲ್ಲಿ ಅದು ಸೆಕೆಂಡಿನ ಒಂದು ಸಣ್ಣ ಚೂರು. ಅಲ್ಲಿ ಒಂದು ಚಟ್ ಎಂಬ ಸದ್ದೋ ಕ್ಷಣದ ಮೌನವೋ ಕೇಳಿಸಬಹುದು, ಮುಂದಿನ ಸ್ವರ ಎಂದಿನಂತೆ ಬರುತ್ತದೆ. ಧ್ವನಿಯನ್ನು ತಿದ್ದುವ ಅಡಾಸಿಟಿ ತಂತ್ರಾಂಶದಲ್ಲಿ ತೆರೆದು ಆ ಜಾಗವನ್ನು ನಯಗೊಳಿಸಬಹುದು. ಮೂಲ ನಕಲನ್ನು ಮಾತ್ರ ಹಾಗೆಯೇ ಉಳಿಸಿಕೊಂಡು, ಅದರ ಇನ್ನೊಂದು ಪ್ರತಿಯ ಮೇಲೆ ಈ ಕೆಲಸ ಮಾಡಿ.

ಉತ್ತರ 4

ಇದೇ ತೊಂದರೆಯನ್ನು ಬೇರೆ ಸಾಧನದೊಂದಿಗೆ ಎದುರಿಸುತ್ತಿರುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಹಳೆಯ ಸಾಧನ ಯಾವ ಬಗೆಯಲ್ಲಿ ಕಂಪ್ಯೂಟರಿನೊಂದಿಗೆ ಮಾತನಾಡುತ್ತದೆ ಎಂಬುದರ ಮೇಲೆ ಉಪಾಯ ನಿಂತಿದೆ. ಐಪಾಡಿನಂತೆ ಡಿಸ್ಕಾಗಿ ಕಾಣಿಸುವವು ಸುಲಭ.

ಕ್ರಿಯೇಟಿವ್ ಜೆನ್ ಸರಣಿಯ ಹಲವು ಸಾಧನಗಳು ಡಿಸ್ಕಾಗಿ ಕಾಣಿಸದೆ, ಕಡತಗಳನ್ನು ಸಾಗಿಸುವ ಎಂಟಿಪಿ ಎಂಬ ಪದ್ಧತಿಯನ್ನು ಬಳಸುತ್ತವೆ. ನಿಮ್ಮದು ವಿಂಡೋಸಿನ ‘ಎನ್’ ಆವೃತ್ತಿಯಾಗಿದ್ದರೆ ಅದರಲ್ಲಿ ಮಾಧ್ಯಮ ಸಂಬಂಧಿ ಭಾಗಗಳೇ ಇರುವುದಿಲ್ಲ, ಆದ್ದರಿಂದ ಎಂಟಿಪಿ ಸಾಧನ ಕಾಣಿಸುವುದಿಲ್ಲ. ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಂಡರೆ ಕಾಣಿಸುತ್ತದೆ. ಮ್ಯಾಕ್ ಎಂಟಿಪಿಯನ್ನು ತಾನಾಗಿ ಅರಿಯದು, ಓಪನ್‌ಎಂಟಿಪಿಯಂಥ ತಂತ್ರಾಂಶ ಬೇಕು. ಸ್ಯಾನ್‌ಡಿಸ್ಕ್ ಸ್ಯಾನ್ಸಾ ಕ್ಲಿಪ್ ಇರುವವರು ಅದರ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಮೋಡನ್ನು ಎಂಎಸ್‌ಸಿಗೆ ಬದಲಾಯಿಸಿದರೆ ಸಾಕು, ಅದು ಪೆನ್ ಡ್ರೈವಿನಂತೆ ತೆರೆದುಕೊಳ್ಳುತ್ತದೆ.

ಕಷ್ಟವಿರುವುದು ಸೋನಿಯ ನೆಟ್ ಎಂಡಿ ಮಿನಿಡಿಸ್ಕ್ ಸಾಧನಗಳಲ್ಲಿ. ಅವುಗಳಿಗೆ ಸೋನಿಕ್‌ಸ್ಟೇಜ್ ಎಂಬ ಬಹಳ ಹಳೆಯ ತಂತ್ರಾಂಶ ಬೇಕಾಗಿತ್ತು. ಇಂದು ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿಯೇ ನಡೆಯುವ ವೆಬ್ ಮಿನಿಡಿಸ್ಕ್ ಎಂಬ ಸ್ವತಂತ್ರ ಯೋಜನೆ ಆ ಕೆಲಸವನ್ನು ವಹಿಸಿಕೊಂಡಿದೆ. ವಿಂಡೋಸಿನಲ್ಲಿ ಜಾಡಿಗ್ ಎಂಬ ಉಪಕರಣದಿಂದ ವಿನ್‌ಯುಎಸ್‌ಬಿ ಡ್ರೈವರನ್ನು ಮೊದಲು ಕೂರಿಸಬೇಕು. ತಯಾರಕರೇ ಮರೆತ ಸಾಧನಕ್ಕೆ ಬಳಕೆದಾರರೇ ಬರೆದು ಹಂಚಿದ ಇಂಥ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ.

ಇನ್ನು ಪ್ರಶ್ನೆ ಕೇಳಿದವರು ಐಪಾಡನ್ನು ದಿನವೂ ಬಳಸಬೇಕೆಂದಿದ್ದಾರಲ್ಲ. ಪ್ರತಿಬಿಂಬ ಪೂರ್ತಿಯಾದ ಮೇಲೆ ನನ್ನ ಸಲಹೆ ರಾಕ್‌ಬಾಕ್ಸ್. ಐಪಾಡಿನ ಮೂಲ ತಂತ್ರಾಂಶದ ಪಕ್ಕದಲ್ಲಿಯೇ ಕುಳಿತುಕೊಳ್ಳುವ, ಮುಕ್ತ ಆಕರದ ಬದಲಿ ತಂತ್ರಾಂಶ ಅದು; ಬೇಕೆಂದಾಗ ಮೂಲದ್ದನ್ನೂ ಚಾಲೂ ಮಾಡಬಹುದು. ರಾಕ್‌ಬಾಕ್ಸ್ ಇದ್ದರೆ ಐಟ್ಯೂನ್ಸಿನ ಹಂಗೇ ಇಲ್ಲ. ಹಾಡುಗಳನ್ನು ನಿಮ್ಮದೇ ಫೋಲ್ಡರುಗಳಲ್ಲಿ ಎಳೆದು ಹಾಕಿದರೆ ಹಾಗೆಯೇ ನುಡಿಸುತ್ತದೆ. ಮೂಲ ತಂತ್ರಾಂಶಕ್ಕೆ ಬಾರದ ಫ್ಲ್ಯಾಕ್, ಆಗ್ ವೋರ್ಬಿಸ್, ಓಪಸ್ ಬಗೆಯ ಧ್ವನಿ ಕಡತಗಳನ್ನು ನುಡಿಸಲು ಇದಕ್ಕೆ ಬರುತ್ತದೆ. ಡಿಸ್ಕ್ ಫ್ಯಾಟ್32 ಆಗಿರಬೇಕು, ನಿಮ್ಮದು ಹಾಗೆಯೇ ಇದೆ.

ಉತ್ತರ 2 ಬರೆದವರಿಂದ

ರಾಕ್‌ಬಾಕ್ಸ್ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಎಲ್ಲರಿಗೂ ಅದೇ ಸರಿ ಎಂದು ನಾನು ಹೇಳಲಾರೆ. ಐಪಾಡಿನ ಮೂಲ ಪಟ್ಟಿಯ ಸರಳತೆಯನ್ನು ಇಷ್ಟಪಟ್ಟು ಅದಕ್ಕಾಗಿಯೇ ಸಾಧನಕ್ಕೆ ಮರಳುವವರಿದ್ದಾರೆ. ಅಂಥವರಿಗೆ ವಿಂಡೋಸಿನಲ್ಲಿ ಐಟ್ಯೂನ್ಸ್ ಈಗಲೂ ಕೆಲಸ ಮಾಡುತ್ತದೆ. ಆಪಲ್ ಡಿವೈಸಸ್ ಎಂಬ ಹೊಸ ಆ್ಯಪ್ ಹಾಕಿಕೊಂಡಿದ್ದರೆ ತಾಳೆ ಹಾಕುವ ಕೆಲಸ ಅಲ್ಲಿಗೆ ವರ್ಗವಾಗುತ್ತದೆ, ಐಟ್ಯೂನ್ಸಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಮ್ಯಾಕಿನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಐಟ್ಯೂನ್ಸ್ ಇಲ್ಲ, ಫೈಂಡರಿನಲ್ಲಿಯೇ ಐಪಾಡ್ ಕಾಣಿಸುತ್ತದೆ. ಎಲ್ಲಿಯೇ ಆಗಲಿ, ಸಂಗೀತವನ್ನು ಕೈಯಾರೆ ನಿರ್ವಹಿಸುವ ಆಯ್ಕೆಯನ್ನು ಮೊದಲು ಹಾಕಿಕೊಳ್ಳಿ.

ಲಿನಕ್ಸ್ ಬಳಸುವವರಿಗೆ ಐಪಾಡಿಗೆ ಹಾಡು ತುಂಬಲು ರಿದಮ್‌ಬಾಕ್ಸ್ ಎಂಬ ತಂತ್ರಾಂಶವಿದೆ. ಈ ವಿಷಯದಲ್ಲಿ ಐದನೆಯ ತಲೆಮಾರಿನ ಐಪಾಡಿಗೆ ಒಂದು ಅನುಕೂಲವಿದೆ. 2007ರ ಐಪಾಡ್ ಕ್ಲಾಸಿಕ್‌ನಿಂದೀಚೆಗೆ ಆ ದಾಖಲೆ ಕಡತಕ್ಕೆ ಸಾಧನದ ಗುರುತಿನಿಂದ ಲೆಕ್ಕಹಾಕಿದ ಒಂದು ಮುದ್ರೆ ಬೇಕಾಗುತ್ತದೆ, ಅದು ಹೊಂದದಿದ್ದರೆ ಹಾಡುಗಳಿದ್ದೂ ಐಪಾಡ್ ಖಾಲಿ ಎಂದು ತೋರಿಸುತ್ತದೆ. ನಿಮ್ಮದರಲ್ಲಿ ಆ ಕಟ್ಟುಪಾಡಿಲ್ಲ, ಆದ್ದರಿಂದ ಬೇರೆ ತಂತ್ರಾಂಶಗಳು ಬರೆದದ್ದನ್ನೂ ಅದು ಒಪ್ಪುತ್ತದೆ. ಕಡತವನ್ನು ಬರಿದೇ ಎಳೆದು ಹಾಕಿದರೆ ಮಾತ್ರ ಪಟ್ಟಿಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಡಿಡಿರೆಸ್ಕ್ಯೂ ಓಡಿಸಿದೆ. ತಪಾಸಣೆಯ ಪರದೆಯಲ್ಲಿ ‘ಪೆಂಡಿಂಗ್ ಸೆಕ್ಟರ್ಸ್’ ಸೊನ್ನೆಯಾಗಿರಲಿಲ್ಲ, ಆದ್ದರಿಂದ ಉತ್ತರ 3ರಲ್ಲಿ ಹೇಳಿದಂತೆ ಕಡತಗಳ ನಕಲನ್ನು ಕೈಬಿಟ್ಟು ನೇರವಾಗಿ ಪ್ರತಿಬಿಂಬಕ್ಕೇ ಹೋದೆ. ಮೊದಲ ಸುತ್ತಿನಲ್ಲಿಯೇ ಹೆಚ್ಚುಕಡಿಮೆ ಎಲ್ಲ ಬಂತು, ಉಳಿದ ಚೂರುಗಳಲ್ಲಿ ಹಲವು ನಂತರದ ಸುತ್ತುಗಳಲ್ಲಿ ಬಂದವು. ಮೊದಲು ನಿಂತುಹೋಗುತ್ತಿದ್ದ ಪಾಠಗಳೆಲ್ಲ ಈಗ ತೆರೆಯುತ್ತವೆ. ಒಂದು ವರ್ಣದ ಚರಣದಲ್ಲಿ ಮಾತ್ರ ಚಿಕ್ಕದೊಂದು ಕಡಿತ ಕೇಳಿಸುತ್ತದೆ. ಅದನ್ನು ಸರಿಪಡಿಸದೆ ಹಾಗೆಯೇ ಇಟ್ಟುಕೊಳ್ಳುತ್ತೇನೆ. ಪ್ರತಿಬಿಂಬವನ್ನೂ ಪಾಠಗಳನ್ನೂ ಎರಡು ಡಿಸ್ಕುಗಳಲ್ಲಿ ಇಟ್ಟಿದ್ದೇನೆ, ಪಾಠಗಳ ಒಂದು ಪ್ರತಿಯನ್ನು ಜೊತೆಯಲ್ಲಿ ಕಲಿತವರಿಗೂ ಕಳುಹಿಸಿದ್ದೇನೆ. ನಿಮ್ಮೆಲ್ಲರ ಉಪಕಾರ ದೊಡ್ಡದು.

ಕೊನೆಯ ಪ್ರಶ್ನೆ: ಈ ಡಿಸ್ಕಿನ ಮೇಲೆ ಇನ್ನು ಭರವಸೆಯಿಡುವಂತಿಲ್ಲ ಎಂದಾದರೆ, ಅದನ್ನು ಬದಲಾಯಿಸಿ ಐಪಾಡನ್ನು ಉಳಿಸಿಕೊಳ್ಳಬಹುದೇ?

ಉತ್ತರ 3 ಬರೆದವರಿಂದ

ಬಹಳ ಸಂತೋಷವಾಯಿತು. ಡಿಸ್ಕನ್ನು ಖಂಡಿತ ಬದಲಾಯಿಸಬಹುದು. ಅದೇ ಬಗೆಯ ಹಳೆಯ ಡಿಸ್ಕನ್ನು ಹುಡುಕಲು ಹೋಗಬೇಡಿ; ಅದೂ ಇಷ್ಟೇ ವಯಸ್ಸಾದದ್ದಾಗಿರುತ್ತದೆ. 1.8 ಇಂಚಿನ ಡಿಸ್ಕಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರುಗಳು ಸಿಗುತ್ತವೆ, ಐಫ್ಲ್ಯಾಶ್ ಹೆಸರಿನವು ಹೆಚ್ಚು ಬಳಕೆಯಲ್ಲಿವೆ. ತಿರುಗುವ ಭಾಗ ಇಲ್ಲವಾಗುವುದರಿಂದ ಸಾಧನ ಹಗುರವಾಗುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಕೈಜಾರಿ ಬಿದ್ದರೂ ಮೊದಲಿನಷ್ಟು ಭಯವಿಲ್ಲ. ಕಾರ್ಡ್ ಹಾಕಿ ಮುಚ್ಚಿದ ಮೇಲೆ ಐಟ್ಯೂನ್ಸಿಗೆ ಜೋಡಿಸಿ ರಿಸ್ಟೋರ್ ಮಾಡಿದರೆ ಅದು ಕಾರ್ಡನ್ನು ತಾನೇ ಸಿದ್ಧಪಡಿಸುತ್ತದೆ. ಈ ಹಂತದಲ್ಲಿ ಮಾತ್ರ ರಿಸ್ಟೋರ್ ಒತ್ತಲು ಅಡ್ಡಿಯಿಲ್ಲ.

ಕಾರ್ಡಿನ ಗಾತ್ರದಲ್ಲಿ ದುರಾಸೆ ಬೇಡ. ನಿಮ್ಮ 30 ಜಿಬಿ ಮಾದರಿಯಲ್ಲಿ 32 ಎಂಬಿ ರ‍್ಯಾಮ್ ಇದೆ. 60 ಜಿಬಿ ಮಾದರಿಯಲ್ಲಿ 64 ಎಂಬಿ ಇತ್ತು. ಮೂಲ ತಂತ್ರಾಂಶ ಹಾಡುಗಳ ದಾಖಲೆಯನ್ನು ಆ ರ‍್ಯಾಮಿಗೆ ತುಂಬಿಕೊಂಡೇ ಕೆಲಸ ಮಾಡುವುದರಿಂದ, ಕಾರ್ಡಿನಲ್ಲಿ ಜಾಗವಿದ್ದರೂ ಹಾಡುಗಳ ಸಂಖ್ಯೆ ಮಿತಿಮೀರಿದರೆ ಸಾಧನ ತಡವರಿಸಿ ಮರುಪ್ರಾರಂಭವಾಗತೊಡಗುತ್ತದೆ. ನಿಮ್ಮ ಸಂಗ್ರಹಕ್ಕೆ 64 ಅಥವಾ 128 ಜಿಬಿ ಕಾರ್ಡ್ ಧಾರಾಳವಾಯಿತು.

ಹಿಂಬದಿಯ ಲೋಹದ ಮುಚ್ಚಳವನ್ನು ತೆಗೆಯುವುದೇ ಕಷ್ಟದ ಕೆಲಸ. ಸ್ಕ್ರೂಗಳಿಲ್ಲ, ಸುತ್ತಲೂ ಸಣ್ಣ ಕೊಕ್ಕೆಗಳು ಹಿಡಿದುಕೊಂಡಿರುತ್ತವೆ. ತೆಳುವಾದ ಪ್ಲಾಸ್ಟಿಕ್ ಉಪಕರಣದಿಂದ ಒಂದೊಂದೇ ಕೊಕ್ಕೆಯನ್ನು ಬಿಡಿಸುತ್ತಾ ಬನ್ನಿ, ಲೋಹದ ಮೊನೆಯಿರುವ ಯಾವುದನ್ನೂ ಒಳಗೆ ತೂರಿಸಬೇಡಿ. ಬಿಟ್ಟುಕೊಂಡ ಮೇಲೆ ಎರಡು ಭಾಗಗಳನ್ನು ಒಮ್ಮೆಗೇ ಎಳೆದು ಬೇರ್ಪಡಿಸಬೇಡಿ: ಬ್ಯಾಟರಿ ಮತ್ತು ಇಯರ್‌ಫೋನ್ ಕಿಂಡಿ ಹಿಂಬದಿಗೆ ಅಂಟಿಕೊಂಡಿರುತ್ತವೆ, ತೆಳ್ಳನೆಯ ಪಟ್ಟಿಗಳು ಅವನ್ನು ಮುಖ್ಯ ಹಲಗೆಗೆ ಕೂಡಿಸಿರುತ್ತವೆ. ಪುಸ್ತಕದಂತೆ ಪಕ್ಕಕ್ಕೆ ಬಿಡಿಸಿ, ಮೊದಲು ಬ್ಯಾಟರಿಯ ಪಟ್ಟಿಯನ್ನು ಅದರ ಕಂದು ಅಗುಳಿಯನ್ನು ಮೇಲಕ್ಕೆತ್ತಿ ಬಿಡಿಸಿಕೊಳ್ಳಿ, ಆಮೇಲೆ ಡಿಸ್ಕಿನದು. ತೆರೆದಾಗ ಬ್ಯಾಟರಿ ಉಬ್ಬಿರುವುದು ಕಂಡರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಲೂ ಬೇಡಿ. ಉಬ್ಬಿರದಿದ್ದರೂ ಇಷ್ಟು ಹಳೆಯದನ್ನು ಡಿಸ್ಕಿನ ಜೊತೆಗೇ ಬದಲಾಯಿಸಿಬಿಡುವುದು ಒಳ್ಳೆಯದು, ಮುಚ್ಚಳವನ್ನು ಎರಡನೆಯ ಸಲ ತೆಗೆಯುವ ಶ್ರಮ ತಪ್ಪುತ್ತದೆ. ತೆಗೆದ ಹಳೆಯ ಡಿಸ್ಕನ್ನು ಎಸೆಯದೆ, ಸ್ಥಿರವಿದ್ಯುತ್ತಿನಿಂದ ಕಾಪಾಡುವ ಚೀಲದಲ್ಲಿ ಹಾಕಿ, ಹೊರಗೆ ದಿನಾಂಕ ಬರೆದು ಎತ್ತಿಡಿ.